ಧರ್ಮಾಸ್ಪತ್ರೆ

ನಮ್ಮಜ್ಜಿ ‘ಸರ್ಕಾರಿ ಆಸ್ಪತ್ರೆ’ ಎಂದದ್ದನ್ನು ನಾನು ಕೇಳಿಲ್ಲ. ಅವಳ ಬಾಯಲ್ಲಿ ಅದು ಧರ್ಮಾಸ್ಪತ್ರೆ. ತಾಲ್ಲೂಕು ಕೇಂದ್ರದಲ್ಲಿದ್ದ ಹಂಚಿನ ಕಟ್ಟಡ. ಅವಳ ಮಂಡಿನೋವಿನ ಮಾತ್ರೆಗೆ, ನನ್ನ ಕಾಲಿಗೆ ಮೊಳೆ ಚುಚ್ಚಿದಾಗ ಸೂಜಿಗೆ, ಮನೆಯಲ್ಲಿ ಯಾರಿಗಾದರೂ ಜ್ವರ ಇಳಿಯದಿದ್ದರೆ ಔಷಧಿಗೆ ಅಲ್ಲಿಗೇ ಹೋಗುತ್ತಿದ್ದೆವು. ಔಷಧಿಗೆ ಸೀಸೆಯನ್ನು ಮನೆಯಿಂದಲೇ ತೊಳೆದು ಒಯ್ಯಬೇಕು. ಕಿಟಕಿಯಲ್ಲಿ ಚೀಟಿ ಬರೆಸಿ, ಜಗಲಿಯ ಮೇಲೆ ಸಾಲಾಗಿ ಕೂತು, ಕಾಂಪೌಂಡರು ಕೂಗುವವರೆಗೆ ಕಾಯಬೇಕು. ಒಂದು ದಿನ ನಮ್ಮ ಸರದಿಗೆ ಇನ್ನಿಬ್ಬರಿದ್ದಾಗ ಡಾಕ್ಟರು ಎದ್ದು ಹೊರಟರು. ಬೆಳಿಗ್ಗೆ ಏಳರ ಬಸ್ಸಿಗೆ ಬಂದವರು ನಾವು. ನನಗೆ ಸಿಟ್ಟು ಬಂದು ಏನೋ ಗಟ್ಟಿಯಾಗಿ ಅಂದೆ. ಅಜ್ಜಿ ನನ್ನ ತೋಳು ಹಿಡಿದು ಎಳೆದಳು.

“ಸುಮ್ನಿರೋ ಮಗ. ಧರ್ಮಾಸ್ಪತ್ರೆ ಇದು. ಇಲ್ಲಿ ಜೋರು ಮಾಡಬಾರ್ದು.”

ವಾಪಸು ಬರುವಾಗ ಬಸ್ಸಿನಲ್ಲಿ ಗಾದೆ ಹೇಳಿದಳು: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಪುಣ್ಯಕ್ಕೆಂದು ಯಾರೋ ಕೊಟ್ಟ ಬಟ್ಟೆ ಎಷ್ಟು ಉದ್ದವಿದೆ ಎಂದು ಅಳೆದು ನೋಡುವುದು ಕೃತಘ್ನತೆ ಎಂಬುದು ಅದರ ಅರ್ಥ. ಅಳೆದವರಿಗೂ ಅದು ತಪ್ಪೆಂದು ಗೊತ್ತು. ಅದಕ್ಕೇ ಅವರು ಹಿತ್ತಲಿಗೆ ಹೋಗಿದ್ದಾರೆ. ನನ್ನ ಮನಸ್ಸಿನಲ್ಲಿ ಈ ಗಾದೆ ಮತ್ತು ಆ ಆಸ್ಪತ್ರೆ ಅಂದಿನಿಂದ ಒಟ್ಟಿಗೇ ಉಳಿದಿವೆ. ಬಡವರ ಚಿಕಿತ್ಸೆಗಾಗಿ ರಾಜ್ಯಗಳು ಮಾಡಿದ ಕಾನೂನುಗಳನ್ನು ಓದುವಾಗಲೆಲ್ಲ ನನಗೆ ಅಜ್ಜಿಯ ಆ ಒಂದು ಪದ ನೆನಪಾಗುತ್ತದೆ. ಅದರೊಳಗೆ ಎರಡು ಪದಗಳಿವೆ. ಒಂದು ಕಡಲು ದಾಟಿ ಬಂದದ್ದು, ಇನ್ನೊಂದು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಈ ನೆಲದಲ್ಲೇ ಬಾಳಿ ಅರ್ಥ ಬದಲಿಸಿಕೊಂಡದ್ದು.

ಕಡಲು ದಾಟಿ ಬಂದದ್ದು ‘ಆಸ್ಪತ್ರೆ’. ಕಿವಿಗೆ ಅದು ಪರದೇಶದ್ದೆನಿಸುವುದಿಲ್ಲ. ಪಾತ್ರೆ, ಜಾತ್ರೆ, ಯಾತ್ರೆ, ಮಾತ್ರೆಗಳ ಸಾಲಿನಲ್ಲಿ ಬಂದು ಕೂತುಬಿಟ್ಟಿದೆ. ‘ಪತ್ರೆ’ ಎಂಬ ಸದ್ದು ಕೇಳಿ ಸೊಪ್ಪು, ಬೇರು, ಬಿಲ್ವಪತ್ರೆಯ ಔಷಧವನ್ನು ನೆನೆಯುವವರೂ ಇದ್ದಾರೆ. ಆದರೆ ಇದು ಯುರೋಪಿನ ‘ಹಾಸ್ಪಿಟಲ್’ ನಮ್ಮ ನಾಲಗೆಯ ಮೇಲೆ ಸವೆದು ಆದ ರೂಪ. ಹಿಂದಿಯ ಅಸ್ಪತಾಲ್ ಕೊನೆಯ ಲಕಾರವನ್ನು ಉಳಿಸಿಕೊಂಡಿತು. ಮಲಯಾಳದ ಆಶುಪತ್ರಿ, ತೆಲುಗಿನ ಆಸುಪತ್ರಿ, ತಮಿಳಿನ ಆಸ್ಪತ್ತಿರಿ, ನಮ್ಮ ಆಸ್ಪತ್ರೆ ನಾಲ್ಕೂ ಅದನ್ನು ರಕಾರ ಮಾಡಿಕೊಂಡವು. ಪೋರ್ಚುಗೀಸರು ಆ ಪದವನ್ನು ಉಚ್ಚರಿಸುವಾಗ ಮೊದಲ ‘ಹ’ ಕೇಳಿಸುವುದಿಲ್ಲ. ನಮ್ಮಲ್ಲೂ ಇಲ್ಲ. ಪಶ್ಚಿಮ ಕರಾವಳಿಯಲ್ಲಿ ಮೊದಲು ಆಳ್ವಿಕೆ ಹೂಡಿದ ಯುರೋಪಿಯನ್ನರು ಅವರೇ. 16ನೆಯ ಶತಮಾನದಲ್ಲಿ ಗೋವೆಯಲ್ಲಿ ಅವರು ನಡೆಸಿದ ರಾಜಾಸ್ಪತ್ರೆ ಅಂದಿನ ಪ್ರವಾಸಿಗಳು ಬಣ್ಣಿಸುವಷ್ಟು ದೊಡ್ಡದಾಗಿತ್ತು. ಅದು ಇದ್ದದ್ದು ಪೋರ್ಚುಗೀಸ್ ಸೈನಿಕರಿಗೆ. ಊರವರಿಗೆ ಅದರ ಬಾಗಿಲು ತೆರೆದಿರಲಿಲ್ಲ.

ಈ ಪದದ ತಾಯಿಬೇರು ನೋಡಿದರೆ ಆ ಮುಚ್ಚಿದ ಬಾಗಿಲು ಇನ್ನಷ್ಟು ನೋಯಿಸುತ್ತದೆ. ಲ್ಯಾಟಿನ್ನಿನ ‘ಹೋಸ್ಪೆಸ್’ ಎಂದರೆ ಅತಿಥಿ. ಅತಿಥಿಯನ್ನು ಬರಮಾಡಿಕೊಳ್ಳುವ ಮನೆಯವನೂ ಅದೇ ‘ಹೋಸ್ಪೆಸ್’. ಕೊಡುವವನಿಗೂ ಪಡೆಯುವವನಿಗೂ ಒಂದೇ ಹೆಸರು. ಅದರಿಂದ ಹುಟ್ಟಿದ ಹಾಸ್ಪಿಟಲ್ ಮೊದಲಿಗೆ ರೋಗಿಗಳ ಜಾಗವಾಗಿರಲಿಲ್ಲ. ಯಾತ್ರಿಕರು, ದಿಕ್ಕಿಲ್ಲದವರು, ಮುದುಕರು ರಾತ್ರಿ ತಂಗುವ ತಾಣವಾಗಿತ್ತು. ಹೋಟೆಲೂ ಅದೇ ಬೇರಿನ ಕುಡಿ. ಹಾದಿಹೋಕರಲ್ಲಿ ಕಾಯಿಲೆಯವರು ಇದ್ದೇ ಇರುತ್ತಿದ್ದರು. ಕ್ರಮೇಣ ಶುಶ್ರೂಷೆಯೇ ಮುಖ್ಯವಾಗಿ, ತಂಗುದಾಣದ ಅರ್ಥ ಹಿಂದೆ ಸರಿಯಿತು. ನಮ್ಮಲ್ಲಿ ಇದಕ್ಕೆ ಸರಿಸಾಟಿ ಛತ್ರ. ಸಂಸ್ಕೃತದ ‘ಸತ್ರ’ವೇ ನಮ್ಮ ಬಾಯಲ್ಲಿ ಛತ್ರವಾದದ್ದು. ಊರೂರಿನ ಧರ್ಮಛತ್ರಗಳಲ್ಲಿ ಮಲಗಿದವರನ್ನು ಯಾರೂ ಕುಲ, ಕಾಸು ಕೇಳಬಾರದೆಂಬುದು ಆದರ್ಶ. ಕೇಳುತ್ತಿದ್ದರು ಎಂಬುದೂ ನಿಜ.

ಕೃಷ್ಣಾ, ಭೀಮಾ ತೀರದವರು ಈ ಲೇಖನವನ್ನು ಓದುತ್ತಿದ್ದರೆ ಇಷ್ಟು ಹೊತ್ತಿಗೆ ಆಕ್ಷೇಪ ಎತ್ತಿರುತ್ತಾರೆ. ಅಲ್ಲಿ ಅದು ಆಸ್ಪತ್ರೆಯಲ್ಲ, ದವಾಖಾನಿ. ಅರಬ್ಬಿಯ ‘ದವಾ’ ಎಂದರೆ ಮದ್ದು, ಪಾರ್ಸಿಯ ‘ಖಾನಾ’ ಎಂದರೆ ಮನೆ. ಬೀದರಿನ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ 15ನೆಯ ಶತಮಾನದ ನಡುವಿನಲ್ಲಿ ಅಲ್ಲೊಂದು ದಾರುಲ್ ಶಿಫಾ ಎಂಬ ಚಿಕಿತ್ಸಾಲಯ ಕಟ್ಟಿಸಿದ, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದ, ಬಡರೋಗಿಗಳ ಮದ್ದು ಮತ್ತು ಅನ್ನಕ್ಕೆ ಊರುಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟ ಎಂದು ಇತಿಹಾಸಕಾರ ಫಿರಿಷ್ತಾ ದಾಖಲಿಸಿದ್ದಾನೆ. ಮೈಸೂರು ಸೀಮೆಯ ‘ಆಸ್ಪತ್ರೆ’, ಕಲಬುರಗಿ-ಧಾರವಾಡದ ‘ದವಾಖಾನಿ’ ಎಂಬ ಈ ಭೇದ ಬರೀ ಮಾತಿನದಲ್ಲ. 1956ಕ್ಕೆ ಮೊದಲು ಕನ್ನಡ ನಾಡು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದಾಗ ಯಾವ ಸೀಮೆಗೆ ಎಷ್ಟು ಆಸ್ಪತ್ರೆ ಬಂತು ಎಂಬುದರ ಗುರುತೂ ಅದರಲ್ಲಿದೆ. ಅದಕ್ಕೆ ಮುಂದೆ ಬರುತ್ತೇನೆ.

ಈಗ ‘ಧರ್ಮ’. ‘ಧೃ’ ಎಂಬ ಧಾತುವಿನಿಂದ ಬಂದದ್ದು. ಹಿಡಿದಿಡು, ಹೊತ್ತು ನಿಲ್ಲು ಎಂದು ಅರ್ಥ. ಸುಡುವುದು ಬೆಂಕಿಯ ಧರ್ಮ ಎನ್ನುವಾಗ ಅದು ಸ್ವಭಾವ. ರಾಜಧರ್ಮ ಎನ್ನುವಾಗ ಕರ್ತವ್ಯ. ಧರ್ಮಶಾಸ್ತ್ರ ಎನ್ನುವಾಗ ಕಾನೂನು. ಅಶೋಕ ತನ್ನ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರೆಸಿದ್ದು ಇದೇ ಪದವನ್ನು. ಅವನ ಎರಡನೆಯ ಬಂಡೆಶಾಸನದಲ್ಲಿ ತನ್ನ ರಾಜ್ಯದಲ್ಲೂ ಗಡಿಯಾಚೆಯ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲೂ ಮನುಷ್ಯರಿಗೊಂದು, ಪಶುಗಳಿಗೊಂದು ಹೀಗೆ ಎರಡು ಬಗೆಯ ಚಿಕಿತ್ಸೆಗೆ ಏರ್ಪಾಡು ಮಾಡಿದ್ದೇನೆ, ಮೂಲಿಕೆಗಳು ಇಲ್ಲದ ಕಡೆ ತರಿಸಿ ನೆಡಿಸಿದ್ದೇನೆ ಎಂಬ ಮಾತಿದೆ. ನಮ್ಮ ಮಸ್ಕಿ, ಬ್ರಹ್ಮಗಿರಿ, ಕೊಪ್ಪಳದ ಕಲ್ಲುಗಳಲ್ಲಿರುವುದು ಬೇರೆ ಪಾಠ. ಆದರೆ ಇಲ್ಲದ ಕಡೆ ತರಿಸಿ ನೆಡಿಸಿದೆ ಎಂಬ ಆ ಮಾತನ್ನು ನಾನು ಮರೆಯಲಾರೆ. ಯಾವ ಊರಿನಲ್ಲಿ ಮದ್ದು ಬೆಳೆಯುವುದಿಲ್ಲವೋ ಅಲ್ಲಿಗೆ ಅದನ್ನು ಒಯ್ಯುವುದು ಅರಸನ ಹೊಣೆ ಎಂಬ ಎಣಿಕೆ ಆಗಲೇ ಇತ್ತು.

ಕನ್ನಡದ ಶಾಸನಗಳಿಗೆ ಬಂದಾಗ ಈ ಪದಕ್ಕೆ ಇನ್ನೊಂದು ಅರ್ಥ ಸೇರಿಕೊಳ್ಳುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠಕ್ಕೆ ಸಂಬಂಧಿಸಿದ, ಬಿಜ್ಜಳನ ಕಾಲದ 1162ರ ಶಾಸನ ಪ್ರಸಿದ್ಧವಾದದ್ದು. ಆ ಮಠವನ್ನು ಅದು ವೇದ, ವ್ಯಾಕರಣ, ದರ್ಶನಗಳ ವಿದ್ಯಾಸ್ಥಾನವೆಂದು ಹೊಗಳುತ್ತಾ ಹೋಗುತ್ತದೆ. ಅದೇ ಉಸಿರಿನಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುವ ಜಾಗ, ನಾನಾ ರೋಗಗಳಿಂದ ನರಳುವ ಅನಾಥರಿಗೆ ಮದ್ದು ಸಿಗುವ ಜಾಗ, ಎಲ್ಲ ಜೀವಿಗಳಿಗೂ ಅಭಯದ ಜಾಗ ಎನ್ನುತ್ತದೆ. ನಮ್ಮ ಮೊದಲ ಧರ್ಮಾಸ್ಪತ್ರೆಗಳಲ್ಲಿ ಇದೂ ಒಂದು ಎನ್ನಲು ಅಡ್ಡಿಯಿಲ್ಲ. ಆ ಪದ ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಇಂಥ ದಾನಶಾಸನಗಳ ಕೊನೆಯ ಸಾಲುಗಳನ್ನು ಗಮನಿಸಬೇಕು. ಈ ಧರ್ಮವನ್ನು ಕಾಪಾಡಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ದಾನ ಮಾಡಿದ ಫಲ, ಕೆಡಿಸಿದವರಿಗೆ ಅಷ್ಟೇ ಕವಿಲೆಗಳನ್ನು ಕೊಂದ ಪಾಪ ಎಂಬುದು ನಾಡಿನುದ್ದಕ್ಕೂ ಮತ್ತೆ ಮತ್ತೆ ಬರುವ ಒಕ್ಕಣೆ. ಇಲ್ಲಿ ‘ಈ ಧರ್ಮ’ ಎಂದರೆ ಕೊಟ್ಟ ವಸ್ತುವೇ. ಆ ಗದ್ದೆ, ಆ ತೋಟ, ಆ ಸುಂಕದ ಪಾಲು. ಕೊಟ್ಟದ್ದಕ್ಕೆ ಧರ್ಮವೆಂಬ ಹೆಸರು ಬಿದ್ದ ಕ್ಷಣದಿಂದ ಅದು ಕೊಟ್ಟವನ ಕೈಯಿಂದಲೂ ಆಚೆಗೆ ಹೋಯಿತು. ಅವನ ಮಗ ಬಂದು ನಮ್ಮಪ್ಪ ಕೊಟ್ಟದ್ದು, ನಾನು ಹಿಂತೆಗೆದುಕೊಳ್ಳುತ್ತೇನೆ ಎನ್ನುವಂತಿಲ್ಲ. ಮುಂದಿನ ಅರಸೂ ಅದಕ್ಕೆ ಬದ್ಧ. ದಯೆ ಕೊಡುವವನ ಮನಸ್ಸಿನಂತೆ ಏರಿಳಿಯುತ್ತದೆ. ಕಲ್ಲಿಗೆ ಹತ್ತಿದ ಧರ್ಮ ಹಾಗೆ ಏರಿಳಿಯುವಂತಿಲ್ಲ ಎಂದೇ ಕಲ್ಲನ್ನು ಹುಡುಕಿದ್ದು, ಶಾಪವನ್ನು ಬರೆದದ್ದು. ಅಂದಿನ ದಂಡಸಂಹಿತೆ ಆ ಶಾಪವೇ.

ಅಲ್ಲಿಂದ ಅಜ್ಜಿಯ ಕಾಲಕ್ಕೆ ಬರುವಷ್ಟರಲ್ಲಿ ಏನಾಯಿತು? ಪದ ಕುಗ್ಗಿತು. “ಅಮ್ಮಾ ಧರ್ಮ” ಎಂದು ಬಾಗಿಲಲ್ಲಿ ಕೂಗುವವನ ಪದವಾಯಿತು. “ನಿಮ್ಮ ಧರ್ಮ ಸ್ವಾಮಿ, ನನ್ನ ಮಗನನ್ನು ಉಳಿಸಿಕೊಡಿ” ಎಂದು ಕಾಲು ಹಿಡಿಯುವವಳ ಪದವಾಯಿತು. ದುಡ್ಡು ಕೊಡದೆ ಸಿಗುವುದೆಲ್ಲ ಧರ್ಮ: ಧರ್ಮದರ್ಶನ, ಧರ್ಮಛತ್ರ, ಬೀದಿಯಲ್ಲಿ ಸಿಕ್ಕಿಬಿದ್ದ ಕಳ್ಳನಿಗೆ ಕಂಡಕಂಡವರು ಹಾಕುವ ಧರ್ಮದೇಟು. ಕೊಡುವವನ ಕರ್ತವ್ಯ ಎಂಬ ಅರ್ಥ ಉದುರಿ, ಪಡೆಯುವವನ ಋಣ ಎಂಬ ಅರ್ಥ ಉಳಿಯಿತು. ಅಜ್ಜಿ ತಲೆ ತಗ್ಗಿಸಿ ಕೂತದ್ದು ಆ ಋಣಕ್ಕೆ.

ಬೆಲೆಯಿಲ್ಲದೆ ಸಿಗುವುದಕ್ಕೆ ಕನ್ನಡದಲ್ಲಿ ಇನ್ನೂ ಎರಡು ಪದಗಳಿವೆ. ಇಲ್ಲಿ ಅವನ್ನು ಪಕ್ಕಕ್ಕಿಟ್ಟು ನೋಡದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಒಂದು ‘ಬಿಟ್ಟಿ’. ಇದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಅರಸನಿಗೆ, ಒಡೆಯನಿಗೆ ಕೂಲಿಯಿಲ್ಲದೆ ಮಾಡಬೇಕಿದ್ದ ದುಡಿಮೆ ಅದು. ದುಡಿದವನ ಬೆವರಿಗೆ ಬೆಲೆ ಸಿಗದಿದ್ದುದನ್ನು ಹೇಳುತ್ತಿದ್ದ ಪದ ಈಗ ಬಡವನು ಪಡೆಯುವುದರ ಮೇಲೆ ಬಿದ್ದಿದೆ: ಬಿಟ್ಟಿ ಔಷಧಿ, ಬಿಟ್ಟಿ ಅಕ್ಕಿ. ತಲೆಮಾರುಗಟ್ಟಲೆ ಬಿಟ್ಟಿ ದುಡಿದವರ ಮೊಮ್ಮಕ್ಕಳಿಗೆ ಬಿಟ್ಟಿ ತಿನ್ನುತ್ತಾರೆಂಬ ಮಾತು. ಒಂದು ಪದಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಆಗಲಾರದು ಎಂದು ನನಗೆ ಅನ್ನಿಸುತ್ತದೆ. ಇನ್ನೊಂದು ‘ಉಚಿತ’. ಸಂಸ್ಕೃತದಲ್ಲಿ ಅದಕ್ಕೆ ತಕ್ಕದ್ದು, ಸರಿಯಾದದ್ದು ಎಂಬ ಅರ್ಥ. ಔಚಿತ್ಯ, ಸಮುಚಿತ, ಯಥೋಚಿತಗಳಲ್ಲಿ ಆ ಅರ್ಥ ಹಾಗೇ ಇದೆ. ಕನ್ನಡದಲ್ಲಿ ಅದು ಕಾಸಿಲ್ಲದೆ ಸಿಗುವುದು ಎಂದೂ ಆಯಿತು. ‘ಉಚಿತ ಚಿಕಿತ್ಸೆ’ ಎಂಬ ಫಲಕವನ್ನು ಹಳೆಯ ಅರ್ಥದಲ್ಲಿ ಓದಿದರೆ ‘ತಕ್ಕ ಚಿಕಿತ್ಸೆ’. ಕಾನೂನು ಕೊಡಬೇಕಾದದ್ದು ಈ ಎರಡೂ ಅರ್ಥಗಳನ್ನು ಒಟ್ಟಿಗೆ.

ಮೈಸೂರು ಸಂಸ್ಥಾನದ ಕಾಲದಲ್ಲಿ ಆಸ್ಪತ್ರೆಗಳು ಅರಮನೆಯ ಧರ್ಮದ ನೆರಳಿನಲ್ಲೇ ಬೆಳೆದವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1897ರಲ್ಲಿ ಅಡಿಗಲ್ಲಿಟ್ಟರು, 1900ರಲ್ಲಿ ವೈಸ್‌ರಾಯ್ ಕರ್ಜನ್ ಬಂದು ತೆರೆದ. ಲಕ್ಷಾಂತರ ಬಡವರು ಅಲ್ಲಿ ಬದುಕಿ ಎದ್ದು ಹೋಗಿದ್ದಾರೆ. ಆ ಧರ್ಮವನ್ನು ನಾನು ಸಣ್ಣದು ಮಾಡುತ್ತಿಲ್ಲ. ಮಿಷನ್ ಆಸ್ಪತ್ರೆಗಳ ದಾದಿಯರನ್ನು, ಲಾಟೀನು ಹಿಡಿದು ಹಳ್ಳಿಗೆ ನಡೆದ ಸೂಲಗಿತ್ತಿಯರನ್ನು ಕಡಮೆ ಮಾಡುತ್ತಿಲ್ಲ. ಆದರೆ ಪುಣ್ಯವಂತರು ಇಲ್ಲದ ಊರಿನಲ್ಲಿ ಹೆರಿಗೆ ನೋವು ಬಂದವಳು ಎಲ್ಲಿಗೆ ಹೋಗಬೇಕು?

ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಇದಕ್ಕೆ ನೇರ ಉತ್ತರ ಕೊಟ್ಟಿತ್ತು. ಹಣ ತೆರಲಾಗದು ಎಂಬ ಕಾರಣಕ್ಕೆ ಯಾರಿಗೂ ಸರಿಯಾದ ಚಿಕಿತ್ಸೆ ತಪ್ಪಬಾರದು ಎಂಬುದೇ ಅದರ ಮೊದಲ ತತ್ತ್ವಗಳಲ್ಲೊಂದು. ನಾಲ್ಕು ವರ್ಷಗಳ ಮೇಲೆ ಜಾರಿಗೆ ಬಂದ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ, ರಾಜ್ಯಗಳ ಪಟ್ಟಿಯ ಆರನೆಯ ನಮೂದಾಗಿ, ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ಔಷಧಾಲಯ ಸೇರಿದವು. ಅಂದರೆ ಆಸ್ಪತ್ರೆಯ ಬಗ್ಗೆ ಶಾಸನ ಮಾಡುವ ಅಧಿಕಾರ ಮೊದಲಿಗೆ ವಿಧಾನಸೌಧದ್ದು. ‘ಶಾಸನ’ ಎಂಬ ಪದವನ್ನು ಇಲ್ಲಿ ಬೇಕೆಂದೇ ಬಳಸಿದ್ದೇನೆ. ಬಳ್ಳಿಗಾವೆಯ ಕಲ್ಲೂ ಶಾಸನ, ವಿಧಾನಮಂಡಲ ಒಪ್ಪಿದ ಕಾಯ್ದೆಯೂ ಶಾಸನ. ಬೇರೆ ಕೆಲವು ಭಾಷೆಯವರು ಇವೆರಡಕ್ಕೆ ಎರಡು ಪದ ಹುಡುಕಿಕೊಂಡಿದ್ದಾರೆ. ಕಲ್ಲನ್ನು ಓದುವವನು ಶಾಸನತಜ್ಞ, ಕಾನೂನು ಮಾಡುವವನು ಶಾಸಕ ಎಂದು ಒಂದೇ ಬೇರಿನಿಂದ ಕರೆಯುವ ಕನ್ನಡಕ್ಕೆ, ಕೊಟ್ಟದ್ದು ಮುಂದಿನವರನ್ನೂ ಕಟ್ಟಿಹಾಕಬೇಕು ಎಂಬುದು ಮರೆಯಬಾರದ ಸಂಗತಿ.

ನಾವು ಬಹುಕಾಲ ಮಾಡಿದ್ದು ಶಾಸನಗಳನ್ನಲ್ಲ, ಯೋಜನೆಗಳನ್ನು. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿಯನ್ನೇ ನೋಡಿ. ಮೊದಲ ವರ್ಷ ತಲೆಗೆ 60 ರೂಪಾಯಿ ಕಟ್ಟಿದವರಿಗೆ ಹೃದಯದ ಶಸ್ತ್ರಚಿಕಿತ್ಸೆ ಕೂಡ ಸಿಕ್ಕಿತು. ಹೊರದೇಶದವರೂ ಬಂದು ಅಧ್ಯಯನ ಮಾಡಿದರು. 2010ರಲ್ಲಿ ಬಡತನ ರೇಖೆಯ ಕೆಳಗಿನವರಿಗೆ ವಾಜಪೇಯಿ ಆರೋಗ್ಯಶ್ರೀ ಬಂತು, ಅದೂ ಮೊದಲು ಕಲಬುರಗಿ ವಿಭಾಗಕ್ಕೆ. ಎರಡೂ ಒಳ್ಳೆಯ ಕೆಲಸಗಳು, ಅವುಗಳಿಂದ ಪ್ರಾಣ ಉಳಿದವರು ನನ್ನ ಬಳಗದಲ್ಲೇ ಇದ್ದಾರೆ. ಆದರೆ 2018ರಲ್ಲಿ ಆರೋಗ್ಯ ಕರ್ನಾಟಕ ಎಂಬ ಹೊಸ ಯೋಜನೆ ಬಂದಾಗ ಯಶಸ್ವಿನಿ ನಿಂತುಹೋಯಿತು. ನಾಲ್ಕೈದು ವರ್ಷಗಳ ಬಳಿಕ ಮತ್ತೆ ಶುರುವಾಯಿತು. ನಿಂತದ್ದೂ ಆದೇಶದಿಂದ, ಶುರುವಾದದ್ದೂ ಆದೇಶದಿಂದ. ನಡುವಿನ ವರ್ಷಗಳಲ್ಲಿ ಹಳೆಯ ಕಾರ್ಡು ಹಿಡಿದು ಬಂದವನು ಯಾರನ್ನೂ ಪ್ರಶ್ನಿಸುವಂತಿರಲಿಲ್ಲ. ಯೋಜನೆ ಎಂಬುದು ಸರ್ಕಾರ ಮಾಡುವ ಧರ್ಮ, ಅಜ್ಜಿಯ ಅರ್ಥದಲ್ಲಿ. ಅಲ್ಲಿ ಮೊಳ ಹಾಕಲಾಗದು.

ಮೊಳ ಹಾಕಬಹುದು ಎಂದು ಮೊದಲು ಹೇಳಿದ್ದು ನ್ಯಾಯಾಲಯ. ಕಾರು ಬಡಿದು ಬಿದ್ದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಯವರು ಇದು ಪೊಲೀಸ್ ಕೇಸು ಎಂದು ಸೇರಿಸಿಕೊಳ್ಳದೆ 20 ಕಿಲೋಮೀಟರ್ ಆಚೆಗೆ ಕಳಿಸಿದರು. ಅವನು ದಾರಿಯಲ್ಲೇ ತೀರಿಕೊಂಡ. ಪರಮಾನಂದ ಕಟಾರಾ ಮೊಕದ್ದಮೆಯೆಂದು ಹೆಸರಾದ ಆ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಬ್ಬ ವೈದ್ಯನೂ ಮೊದಲು ಪ್ರಾಣ ಉಳಿಸಬೇಕು, ಕಾಗದಪತ್ರ ಆಮೇಲೆ ಎಂದಿತು. ಏಳು ವರ್ಷಗಳ ನಂತರ ಪಶ್ಚಿಮ ಬಂಗಾಳದ ಖೇತಮಜ್ದೂರ್ ಸಮಿತಿಯ ಮೊಕದ್ದಮೆ ಬಂತು. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿಕೂಲಿಯೊಬ್ಬ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದ. ಒಂದು ಕಡೆ ಹಾಸಿಗೆಯಿಲ್ಲ, ಇನ್ನೊಂದು ಕಡೆ ಸೌಲಭ್ಯವಿಲ್ಲ. ಕಡೆಗೆ ಹಣ ತೆತ್ತು ಖಾಸಗಿಯಲ್ಲಿ ಬದುಕಿಕೊಂಡ. ಸರ್ಕಾರ ಅವನಿಗೆ 25,000 ರೂಪಾಯಿ ಪರಿಹಾರ ಕೊಡಬೇಕು, ಹಣದ ಅಡಚಣೆ ಎಂಬ ನೆಪ ಜೀವಿಸುವ ಹಕ್ಕಿನ ಮುಂದೆ ನಿಲ್ಲದು ಎಂದು 1996ರಲ್ಲಿ ಕೋರ್ಟ್ ತೀರ್ಪಿತ್ತಿತು. ಧರ್ಮಾಸ್ಪತ್ರೆ ಎಂಬ ಪದ ನನ್ನ ಮಟ್ಟಿಗೆ ತಲೆಯೆತ್ತಿದ್ದು ಅಂದು.

ತೀರ್ಪು ಒಬ್ಬ ಕೂಲಿಕಾರನದು. ಎಲ್ಲರಿಗೂ ಅದು ತಲುಪಲು ಕಾಯ್ದೆ ಬೇಕು, ಕಾಯ್ದೆ ಮಾಡಲು ರಾಜ್ಯ ಬೇಕು. ಕರ್ನಾಟಕ 2007ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ತಂದಿತು. ಅಪಘಾತ, ಸುಟ್ಟಗಾಯ, ವಿಷ, ಹಲ್ಲೆ ಇಂಥ ಪ್ರಕರಣಗಳಲ್ಲಿ ಬಾಗಿಲಿಗೆ ಬಂದವರಿಗೆ ಪ್ರಥಮ ಚಿಕಿತ್ಸೆ ಮತ್ತು ಪ್ರಾಣ ಉಳಿಸುವ ತುರ್ತು ಕ್ರಮಗಳನ್ನು ಖಾಸಗಿ ಆಸ್ಪತ್ರೆಗಳು ಕೈಗೊಳ್ಳಲೇಬೇಕು ಎಂದು ಅದು ವಿಧಿಸಿತು. 2017ರಲ್ಲಿ ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಅದಕ್ಕೆ ತಿದ್ದುಪಡಿ ಬಂತು. ಬೆಳಗಾವಿಯಲ್ಲಿ ಅಧಿವೇಶನ, ಹೊರಗೆ ಖಾಸಗಿ ವೈದ್ಯರ ಮುಷ್ಕರ. ನವೆಂಬರಿನ ಆ ದಿನಗಳಲ್ಲಿ ರಾಜ್ಯದುದ್ದಕ್ಕೂ ಹೊರರೋಗಿ ವಿಭಾಗಗಳು ಮುಚ್ಚಿದ್ದವು. ವೈದ್ಯರನ್ನು ಜೈಲಿಗೆ ಕಳಿಸುವ ಮಾತು ಸಡಿಲವಾಯಿತು. ಆದರೂ ಉಳಿದದ್ದು ಸಣ್ಣದಲ್ಲ: ತುರ್ತು ಸ್ಥಿತಿಯಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯುವಂತಿಲ್ಲ, ರೋಗಿ ತೀರಿಕೊಂಡರೆ ಬಾಕಿಗಾಗಿ ಹೆಣವನ್ನು ಹಿಡಿದಿಡುವಂತಿಲ್ಲ, ದೂರು ಕೇಳಲು ಜಿಲ್ಲೆಯಲ್ಲಿ ಪ್ರಾಧಿಕಾರ, ಜೊತೆಗೆ ರೋಗಿಗಳ ಸನ್ನದು. ಸನ್ನದು ಎಂಬುದೂ ಅರಬ್ಬಿಯಿಂದ ಬಂದು, ಜಹಗೀರು ಇನಾಮುಗಳ ಹಕ್ಕುಪತ್ರಕ್ಕೆ ನಮ್ಮಲ್ಲಿ ಬಳಕೆಯಾಗಿದ್ದ ಪದ. ಭೂಮಿಯ ಒಡೆಯರ ಕೈಯಲ್ಲಿರುತ್ತಿದ್ದ ಪತ್ರ ರೋಗಿಯ ಕೈಗೆ ಬಂದದ್ದು ನನಗೆ ಸಂತೋಷದ ವಿಷಯ.

ಹೆಣದ ಮಾತು ಕೇಳಿ ನನ್ನ ದೊಡ್ಡಪ್ಪ ನೆನಪಾಗುತ್ತಾರೆ. ಈ ತಿದ್ದುಪಡಿಗೆ ಮುಂಚಿನ ಸಂಗತಿ. ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬೆಳಗಿನ ಜಾವ ತೀರಿಕೊಂಡರು. “ಬಿಲ್ ಕ್ಲಿಯರ್ ಮಾಡಿ, ಬಾಡಿ ತಗೊಂಡು ಹೋಗಿ” ಎಂದರು ಕೌಂಟರಿನಲ್ಲಿ. ರಾತ್ರಿಯವರೆಗೆ ‘ಪೇಷೆಂಟ್’ ಆಗಿದ್ದವರು ಬೆಳಿಗ್ಗೆ ‘ಬಾಡಿ’ ಆಗಿದ್ದರು. ಅಣ್ಣ ಊರಿಗೆ ಫೋನು ಮಾಡಿ ಒಬ್ಬರಿಂದ ಬಡ್ಡಿಗೆ ಹಣ ಎತ್ತಿ, ಬಸ್ಸಿನಲ್ಲಿ ಬಂದವರ ಕೈಯಲ್ಲಿ ತರಿಸಿ ಕಟ್ಟುವಷ್ಟರಲ್ಲಿ ಸಂಜೆಯಾಯಿತು. ದೊಡ್ಡಮ್ಮ ಇಡೀ ದಿನ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಹನಿ ನೀರೂ ಕುಡಿಯಲಿಲ್ಲ. ಆ ಕೌಂಟರಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಸಂಬಳಕ್ಕೆ ಕೂತವನು. ಕಾಯ್ದೆಯಲ್ಲಿ ಆಗ ಆ ಒಂದು ಸಾಲು ಇರಬೇಕಿತ್ತು.

ಮುಷ್ಕರ ಹೂಡಿದ ವೈದ್ಯರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಎರಡು ಕೋಣೆಯ ನರ್ಸಿಂಗ್ ಹೋಂ ನಡೆಸುವ ತಾಲ್ಲೂಕಿನ ಡಾಕ್ಟರಿಗೆ, ಕೊಡಲಾಗದವನ ವೆಚ್ಚ ಯಾರು ಭರಿಸಬೇಕು ಎಂಬ ಪ್ರಶ್ನೆ ನಿಜವಾದದ್ದೇ. 2023ರ ಮಾರ್ಚಿನಲ್ಲಿ ರಾಜಸ್ಥಾನ ದೇಶದಲ್ಲೇ ಮೊದಲ ಬಾರಿಗೆ ಆರೋಗ್ಯದ ಹಕ್ಕಿನ ಕಾಯ್ದೆಯನ್ನು ಒಪ್ಪಿದಾಗಲೂ ವೈದ್ಯರು ಬೀದಿಗಿಳಿದರು. ತುರ್ತು ಚಿಕಿತ್ಸೆಯ ಹಣವನ್ನು ರೋಗಿ ಕೊಡದಿದ್ದರೆ ಸರ್ಕಾರ ತುಂಬಿಕೊಡುತ್ತದೆ ಎಂದು ಆ ಕಾಯ್ದೆಯಲ್ಲೇ ಬರೆದಿದೆ. ಬಳ್ಳಿಗಾವೆಯವರು ಮಠಕ್ಕೆ ಮದ್ದು ಕೊಡು ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ, ಭೂಮಿಯನ್ನೂ ಬಿಟ್ಟುಕೊಟ್ಟರು. ಶಾಸನದ ಜೊತೆ ಉತ್ಪತ್ತಿಯೂ ಬರಬೇಕು.

ಪಕ್ಕದ ಮಹಾರಾಷ್ಟ್ರ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಟ್ರಸ್ಟುಗಳ ಆಸ್ಪತ್ರೆಗೆ ‘ಧರ್ಮಾದಾಯ’ ಎಂಬ ಹೆಸರು. ನಮ್ಮ ಧರ್ಮಾಸ್ಪತ್ರೆಯ ಒಡಹುಟ್ಟು. ಧರ್ಮದ ಹೆಸರಿನಲ್ಲಿ ತೆರಿಗೆ ವಿನಾಯಿತಿ, ಅಗ್ಗದ ಜಮೀನು ಪಡೆದು ಬಡವರನ್ನು ಒಳಗೆ ಬಿಡದಿದ್ದರೆ ಹೇಗೆ ಎಂಬುದು ಅಲ್ಲಿನ ಪ್ರಶ್ನೆ. 1950ರ ಸಾರ್ವಜನಿಕ ನ್ಯಾಸಗಳ ಕಾಯ್ದೆಗೆ ಸೇರಿಸಿದ ಕಲಮು ಮತ್ತು 2006ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿದ ವ್ಯವಸ್ಥೆಯ ಪ್ರಕಾರ ಇಂಥ ಆಸ್ಪತ್ರೆಗಳು ಶೇ 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು ಶೇ 10ನ್ನು ದುರ್ಬಲರಿಗೆ ರಿಯಾಯಿತಿಯಲ್ಲಿ ಕೊಡಬೇಕು, ಬಿಲ್ಲಿನ ಶೇ 2ನ್ನು ಬಡರೋಗಿಗಳ ನಿಧಿಗೆ ಎತ್ತಿಡಬೇಕು. ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆಯವರು ದೊಡ್ಡ ಕಾಯಿಲೆಗೆ ಇಂದಿಗೂ ಗಡಿಯಾಚೆಯ ಮಿರಜಿಗೆ ಹೋಗುತ್ತಾರೆ. ಧರ್ಮ ಎಂಬ ಫಲಕ ಹಾಕಿದವನು ಎಷ್ಟು ಮೊಳ ಕೊಡಬೇಕು ಎಂದು ಅಲ್ಲಿ ಸರ್ಕಾರವೇ ಅಳೆದಿಟ್ಟಿತು.

ಆದರೆ ಆಸ್ಪತ್ರೆಯೇ ಇಲ್ಲದ ಕಡೆ ಯಾವ ಸನ್ನದಿನಿಂದ ಏನು ಪ್ರಯೋಜನ? ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಅದು ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ. ‘ದವಾಖಾನಿ’ ಎನ್ನುವ ಸೀಮೆ ಅದು. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು 2012ರಲ್ಲಿ ರಾಜ್ಯ ಕಾಯ್ದೆ ಮಾಡಿತು. ಅದನ್ನು ಪ್ರಶ್ನಿಸಿ ಮೊಕದ್ದಮೆಗಳಾದವು, ಮುಂದೆ ಹುದ್ದೆ ಖಾಲಿ ಇದ್ದಷ್ಟು ಜನರಿಗೆ ಮಾತ್ರ ಎಂದು ಸಡಿಲವೂ ಆಯಿತು. ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. 2007ರ ಕಾಯ್ದೆ ತನ್ನ ಹೆಸರಿನಲ್ಲೇ ಖಾಸಗಿ ಸಂಸ್ಥೆಗಳಿಗೆ ಸೀಮಿತ. ಅಜ್ಜಿ ಜಗಲಿಯ ಮೇಲೆ ಕೂತ ಆಸ್ಪತ್ರೆ ಅದರ ಹೊರಗಿದೆ. ಎಲ್ಲರಿಗಿಂತ ಬಡವರು ಹೋಗುವ ಬಾಗಿಲಲ್ಲೇ ಸನ್ನದು ಇಲ್ಲದಿದ್ದರೆ ಹಳೆಯ ಪದವೇ ಮುಂದುವರಿಯುತ್ತದೆ, ಫಲಕದಲ್ಲಿ ಏನೇ ಬರೆದಿರಲಿ. ಸರ್ಕಾರ ಬೇರೆಯವರಿಗೆ ವಿಧಿಸಿದ ಧರ್ಮಕ್ಕೆ ತಾನೂ ಕಟ್ಟುಬೀಳಬೇಕು. ಅಶೋಕನಿಗೂ ಬಿಜ್ಜಳನ ಕಾಲದ ದಾನಿಗಳಿಗೂ ಇದರಲ್ಲಿ ಅನುಮಾನವಿರಲಿಲ್ಲ.

ಈಗ ‘ಧರ್ಮಾಸ್ಪತ್ರೆ’ ಎನ್ನುವವರು ಕಡಿಮೆಯಾಗಿದ್ದಾರೆ. ಜಿಲ್ಲಾಸ್ಪತ್ರೆ, ಜಿ.ಎಚ್., ಪಿ.ಎಚ್.ಸಿ. ಎನ್ನುತ್ತಾರೆ. 2022ರ ಡಿಸೆಂಬರಿನಲ್ಲಿ ಪಟ್ಟಣಗಳ ಬಡಾವಣೆಗಳಿಗಾಗಿ ಸರ್ಕಾರ ತೆರೆದದ್ದಕ್ಕೆ ‘ನಮ್ಮ ಕ್ಲಿನಿಕ್’ ಎಂದು ಹೆಸರು. ‘ಧರ್ಮ’ ಇದ್ದ ಜಾಗಕ್ಕೆ ‘ನಮ್ಮ’ ಬಂದಿದೆ. ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ, ನನಗೆ ಆ ಬದಲಾವಣೆ ಇಷ್ಟ.

ಕಳೆದ ವರ್ಷ ನಾದಿನಿಯ ಹೆರಿಗೆಗೆಂದು ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ದಿನ ಕಾದಿದ್ದೆ. ತುರ್ತು ಚಿಕಿತ್ಸೆಯ ಬಾಗಿಲ ಪಕ್ಕ ಗೋಡೆಗೆ ರೋಗಿಗಳ ಸನ್ನದನ್ನು ಕನ್ನಡದಲ್ಲಿ ಬರೆಸಿ ತೂಗುಹಾಕಿದ್ದರು. ಅಕ್ಷರ ಸಣ್ಣವು. ವಯಸ್ಸಾದ ಹೆಂಗಸೊಬ್ಬರು ಕೈಯಲ್ಲಿ ಬಟ್ಟೆಯ ಗಂಟು ಹಿಡಿದು ಅದರ ಕೆಳಗೆ ನಿಂತಿದ್ದರು. ಒಳಗೆ ಮಗನನ್ನು ಕರೆದೊಯ್ದಿದ್ದರು, ಮೋಟಾರು ಬೈಕಿನಿಂದ ಬಿದ್ದವನು.

“ಏನ್ ಬರ್ದವ್ರೆ ಓದಪ್ಪ, ನಂಗೆ ಕಣ್ಣು ಕಾಣಾಕಿಲ್ಲ.”

ಓದಿದೆ. ಮುಂಗಡದ ಸಾಲು ಬಂದಾಗ ನನ್ನ ತೋಳು ಮುಟ್ಟಿ ನಿಲ್ಲಿಸಿದರು.

“ಅದ್ನ ಇನ್ನೊಂದ್ ಸಲ ಓದು. ಮೆತ್ತಗೆ.”

ಬಿಡಿಸಿ ಬಿಡಿಸಿ ಓದಿದೆ. ಅವರು ಪ್ರತಿ ಪದವನ್ನೂ ನನ್ನ ಹಿಂದೆ ಹೇಳಿಕೊಂಡರು, ಗಂಟನ್ನು ಇನ್ನೊಂದು ಕೈಗೆ ಬದಲಿಸಿದರು, ಕೌಂಟರಿನ ಕಡೆಗೆ ನಡೆದರು.